ಗುಲಾಬಿಯನ್ನು ಮಣ್ಣಲ್ಲಿ ಮಲಗಿಸುವ ಊರು: ಮಿನೆಸೋಟದ ಚಳಿಯಲ್ಲಿ ಹೂದೋಟ

ಅಮೆರಿಕದ ಉತ್ತರದ ರಾಜ್ಯ ಮಿನೆಸೋಟದ ಮಿನಿಯಾಪೊಲಿಸ್ ನಗರದ ಸುತ್ತಮುತ್ತ ಹೂದೋಟ ಮಾಡುವವರ ನಡುವೆ ಪ್ರತಿ ಜೂನ್‌ನಲ್ಲೂ ಎದ್ದುಬರುವ ಪ್ರಶ್ನೆ ಒಂದಿದೆ. ನೆಟ್ಟದ್ದು ಹಳದಿ ಗುಲಾಬಿ. ಎರಡು ವರ್ಷ ಹಳದಿ ಹೂವನ್ನೇ ಕೊಟ್ಟಿತು. ಈ ಸಲ ನೋಡಿದರೆ ಬಳ್ಳಿಯ ಹಾಗೆ ಉದ್ದುದ್ದ ಬಾಗಿದ ಕೊಂಬೆಗಳು, ಅದರ ತುಂಬ ಕಡುಗೆಂಪು ಹೂ. ಅದೂ ಒಂದೇ ಸುತ್ತು, ಆಮೇಲೆ ಬರೀ ಎಲೆ. ಗಿಡ ಬಣ್ಣ ಬದಲಿಸಿತೇ?

ಇಲ್ಲ. ಕೊಂಡು ತಂದ ಗುಲಾಬಿ ಚಳಿಗೆ ಸತ್ತಿದೆ. ಈಗ ಹೂ ಬಿಡುತ್ತಿರುವುದು ಕೆಳಗಿದ್ದ ಬೇರಿನ ಗಿಡ. ಅಂಗಡಿಯ ಗುಲಾಬಿಗಳಲ್ಲಿ ಹೆಚ್ಚಿನವು ಎರಡು ಗಿಡ ಸೇರಿ ಆದವು: ಗಟ್ಟಿ ಬೇರಿನ ಒಂದು ಗಿಡ, ಅದರ ಮೇಲೆ ಕಣ್ಣು ಕಸಿ ಮಾಡಿ ಕೂರಿಸಿದ ಚೆಂದದ ಹೂವಿನ ಇನ್ನೊಂದು ಗಿಡ. ಅಮೆರಿಕದ ನರ್ಸರಿಗಳು ಬೇರಿಗೆಂದು ಬಹಳವಾಗಿ ಬಳಸುವ ಗಿಡದ ಹೆಸರು 'ಡಾಕ್ಟರ್ ಹ್ಯೂಯಿ'. ಆ ಕಡುಗೆಂಪು ಹೂ ಅದರದು. ಎರಡೂ ಗಿಡ ಕೂಡಿದ ಜಾಗವೇ ಕಸಿಗಂಟು. ಅದರಿಂದ ಮೇಲಿನದೆಲ್ಲ ಸತ್ತು ಬೇರು ಮಾತ್ರ ಉಳಿದಾಗ, ಬೇರು ತನ್ನದೇ ಚಿಗುರನ್ನು ಮೇಲಕ್ಕೆ ಕಳಿಸುತ್ತದೆ. ಹೀಗಾದ ಮೇಲೆ ಹಳದಿ ಹೂ ಮರಳಿ ಬರುವುದಿಲ್ಲ. ಗಿಡ ಕಿತ್ತು ಹೊಸದು ನೆಡುವುದೊಂದೇ ದಾರಿ.

ಇದು ಯಾಕಾಗುತ್ತದೆ ಎಂದು ಸರಿಯಾಗಿ ಅರ್ಥವಾದರೆ ಉತ್ತರದ ಹೂದೋಟದ ಮುಕ್ಕಾಲು ವಿದ್ಯೆ ಕೈಗೆ ಬಂದ ಹಾಗೆ. ಚಳಿ ಎಷ್ಟು ಎನ್ನುವುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದು ಯಾವಾಗ ಬಂತು, ಎಷ್ಟು ಸಲ ಬಂದು ಹೋಯಿತು ಎನ್ನುವುದು ಗಿಡದ ಹಣೆಬರಹ ಬರೆಯುತ್ತದೆ. ಹಾಗಾಗಿ ಇಲ್ಲಿ ಚಳಿಗಾಲದ ಕೆಲಸ ಶುರುವಾಗುವುದು ಆಗಸ್ಟ್‌ನಲ್ಲಿ.

ವಲಯದ ಅಂಕಿ ಹೇಳುವುದು, ಹೇಳದಿರುವುದು

ಅಮೆರಿಕದಲ್ಲಿ ಯಾವ ಗಿಡ ಕೊಂಡರೂ ಅದರ ಚೀಟಿಯ ಮೇಲೆ 'ಜೋನ್ 4', 'ಜೋನ್ 5' ಎಂದು ಬರೆದಿರುತ್ತದೆ. ಕೃಷಿ ಇಲಾಖೆಯ ನಕ್ಷೆಯಿಂದ ಬಂದ ಅಂಕಿ ಅದು. ಪ್ರತಿ ವರ್ಷದ ಅತ್ಯಂತ ಚಳಿಯ ರಾತ್ರಿಯ ತಾಪಮಾನ ತೆಗೆದುಕೊಂಡು 30 ವರ್ಷಗಳ ಸರಾಸರಿ ಮಾಡಿ, ದೇಶವನ್ನು ವಲಯಗಳಾಗಿ ಹಂಚಿದ್ದಾರೆ. ವಲಯ 4 ಎಂದರೆ ಆ ಸರಾಸರಿ −34ರಿಂದ −29 ಡಿಗ್ರಿ ಸೆಲ್ಸಿಯಸ್. ವಲಯ 5 ಎಂದರೆ −29ರಿಂದ −23. 2023ರಲ್ಲಿ ಬಂದ ಹೊಸ ನಕ್ಷೆ 1991ರಿಂದ 2020ರ ಲೆಕ್ಕ ಹಿಡಿದಿದೆ. ಮಿನಿಯಾಪೊಲಿಸ್ ನಗರದ ಬಹುಭಾಗ ವಲಯ 4ರಿಂದ 5ಕ್ಕೆ ಸರಿದಿದೆ.

ಇದನ್ನು ನಂಬಿ ವಲಯ 5ರ ಗಿಡಗಳನ್ನೇ ತಂದು ತೋಟ ತುಂಬಿಸಬಾರದು. ಸರಾಸರಿ ಎಂದರೆ ಅದಕ್ಕಿಂತ ಕೆಟ್ಟ ವರ್ಷಗಳೂ ಇರುತ್ತವೆ ಎಂದೇ ಅರ್ಥ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ −33 ಡಿಗ್ರಿ ಆಗಿತ್ತು. ಹತ್ತು ವರ್ಷ ಬೆಳೆದ ಮರಕ್ಕೆ ಅಂಥ ಒಂದು ರಾತ್ರಿ ಸಾಕು. ಮರ, ದೊಡ್ಡ ಪೊದೆಗಳಿಗೆ ವಲಯ 4ನ್ನೇ ಹಿಡಿಯುವುದು ಕ್ಷೇಮ. ಸತ್ತರೆ ಮತ್ತೆ ನೆಡಬಹುದಾದ ಸಣ್ಣ ಗಿಡಗಳಲ್ಲಿ ವಲಯ 5ರ ಪ್ರಯೋಗ ಮಾಡಬಹುದು. ಕೆನಡಾದಲ್ಲಿರುವವರಿಗೆ ಇನ್ನೊಂದು ಮಾತು: ಅಲ್ಲಿನ ಸರಕಾರದ ನಕ್ಷೆ ಚಳಿಯ ಜೊತೆಗೆ ಹಿಮದ ಆಳ, ಗಾಳಿ, ಮಳೆ, ಫ್ರಾಸ್ಟ್ (ಹೆಪ್ಪುಗಟ್ಟುವ ಇಬ್ಬನಿ) ಇಲ್ಲದ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎರಡು ದೇಶಗಳ ಅಂಕಿಗಳನ್ನು ಒಂದೇ ಎಂದುಕೊಂಡರೆ ಮೋಸ ಹೋಗುತ್ತೀರಿ.

ಗಿಡ ಮಲಗುವ ಬಗೆ

ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಹಿಗ್ಗಿದರೆ ಜೀವಕೋಶ ಒಡೆಯುತ್ತದೆ. ಹಾಗಿದ್ದ ಮೇಲೆ −30ರಲ್ಲಿ ಯಾವ ಗಿಡವೂ ಬದುಕಬಾರದು. ಆದರೂ ಬರ್ಚ್ ಮರ ನಿಂತಿರುತ್ತದೆ.

ಅದರ ಗುಟ್ಟು ಹೀಗಿದೆ. ಆಗಸ್ಟ್ ಕಳೆದು ಹಗಲು ಮೊಟಕಾಗುತ್ತಿದ್ದಂತೆ ಉತ್ತರದ ಗಿಡ ಅದನ್ನು ಗುರುತಿಸಿ ಹೊಸ ಚಿಗುರು ನಿಲ್ಲಿಸುತ್ತದೆ. ಕೋಶಗಳಲ್ಲಿ ಸಕ್ಕರೆ ಸೇರುತ್ತದೆ, ಕೋಶದ ಪೊರೆಯೇ ಮಾರ್ಪಡುತ್ತದೆ. ಇದು ಮೊದಲ ಹಂತ. ಆಮೇಲೆ ರಾತ್ರಿಯ ತಾಪ ಶೂನ್ಯದ ಆಚೀಚೆ ಆಡತೊಡಗಿದಾಗ ಎರಡನೆಯ ಹಂತ: ಕೋಶದೊಳಗಿನ ನೀರು ಮೆಲ್ಲಗೆ ಹೊರಗೆ, ಕೋಶ ಕೋಶಗಳ ನಡುವಿನ ಜಾಗಕ್ಕೆ ಸರಿದು ಅಲ್ಲಿ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ಆಗುವುದು ನಿಜ, ಆದರೆ ಕೋಶದ ಹೊರಗೆ. ಒಳಗೆ ಉಳಿಯುವುದು ದಪ್ಪ ಪಾಕದಂಥ ದ್ರವ. ಹೀಗೆ ಪೂರ್ತಿ ಪಳಗಿದ ಕೆಂಪು ಡಾಗ್‌ವುಡ್ ಪೊದೆಯ ಕಡ್ಡಿಗಳು ಪ್ರಯೋಗಾಲಯದಲ್ಲಿ −196 ಡಿಗ್ರಿಯ ದ್ರವ ಸಾರಜನಕವನ್ನೂ ತಡೆದುಕೊಂಡಿವೆ. ಅದೇ ಪೊದೆ ಜುಲೈನಲ್ಲಿ ಶೂನ್ಯದ ಕೆಳಗಿನ ನಾಲ್ಕೈದು ಡಿಗ್ರಿಗೇ ಸೋಲುತ್ತದೆ.

ಈಗ ಗುಲಾಬಿಗೆ ಬನ್ನಿ. ಹೂಗುಚ್ಛದಲ್ಲಿ ಕಾಣುವ 'ಹೈಬ್ರಿಡ್ ಟೀ' ಗುಲಾಬಿಗಳ ಮೈಯಲ್ಲಿ ಚೀನಾದ ಬೆಚ್ಚನೆಯ ಸೀಮೆಯ ಗುಲಾಬಿಗಳ ರಕ್ತವಿದೆ. ವರ್ಷವಿಡೀ ಹೂ ಬಿಡುವ ಗುಣ ಬಂದದ್ದು ಅಲ್ಲಿಂದಲೇ. ಆ ಗುಣದ ಜೊತೆ ಬಂದ ತೊಂದರೆ ಎಂದರೆ, ಹಗಲು ಮೊಟಕಾದರೂ ಅವು ಮಲಗುವುದಿಲ್ಲ. ಅಕ್ಟೋಬರ್‌ನಲ್ಲೂ ಮೊಗ್ಗು ಬಿಡುತ್ತಿರುತ್ತವೆ. ರೆಂಬೆಯಲ್ಲಿ ನೀರು ತುಂಬಿಕೊಂಡಿರುವಾಗ ಹಠಾತ್ತನೆ −10 ಬಂದರೆ ನೀರು ಹೊರಗೆ ಸರಿಯಲು ಸಮಯವಿಲ್ಲ. ಕೋಶದ ಒಳಗೇ ಹೆಪ್ಪುಗಟ್ಟುತ್ತದೆ. ಆ ಭಾಗ ಸತ್ತಂತೆ.

ಇದನ್ನು ತಿಳಿದ ಮೇಲೆ ಆಗಸ್ಟ್ ಕೆಲಸದ ಅರ್ಥ ತಾನೇ ಹೊಳೆಯುತ್ತದೆ. ಆಗಸ್ಟ್ ನಡುವಿನ ಹೊತ್ತಿಗೆ ಸಾರಜನಕದ ಗೊಬ್ಬರ ನಿಲ್ಲಿಸಬೇಕು. ಸೆಪ್ಟೆಂಬರ್ ಅರ್ಧ ಕಳೆದ ಮೇಲೆ ಬಾಡಿದ ಹೂ ಕೀಳಬಾರದು, ಕಾಯಿ ಕಟ್ಟಲು ಬಿಡಬೇಕು. ಕಾಯಿ ಕಟ್ಟಿದ ಗಿಡ ಹೊಸ ಮೊಗ್ಗಿನ ಕಡೆ ಅಷ್ಟು ಹೋಗುವುದಿಲ್ಲ. ಕೊಂಬೆ ಸವರುವುದಂತೂ ಬೇಡವೇ ಬೇಡ. ಸವರಿದಲ್ಲೆಲ್ಲ ಎಳೆ ಚಿಗುರು ಬಂದು ಮೊದಲ ಚಳಿಗೆ ಕರಕಾಗುತ್ತದೆ. ಆದರೆ ನೀರು ನಿಲ್ಲಿಸಬಾರದು. ನೆಲ ಹೆಪ್ಪುಗಟ್ಟುವವರೆಗೆ, ಅಂದರೆ ಅಕ್ಟೋಬರ್ ಕೊನೆಯವರೆಗೂ ವಾರಕ್ಕೊಮ್ಮೆ ಆಳವಾಗಿ ನೀರು ಕುಡಿಸಬೇಕು. ಎಲೆ ಉದುರಿತು, ಇನ್ನೇಕೆ ನೀರು ಎಂದು ಪೈಪು ಸುತ್ತಿಡುವುದು ಹೊಸಬರು ಮಾಡುವ ಮೊದಲ ತಪ್ಪು.

ಕಸಿಗಂಟು ಎಲ್ಲಿರಬೇಕು

ಕರ್ನಾಟಕದಲ್ಲಿ ಗುಲಾಬಿ ನೆಡುವಾಗ ಕಸಿಗಂಟು ಮಣ್ಣಿನ ಮೇಲೆಯೇ ಇರಲಿ ಎನ್ನುತ್ತೇವೆ. ಮಣ್ಣು ಮುಟ್ಟಿದರೆ ಕೊಳೆತೀತು, ಕೆಳಗಿನ ಕಾಡು ಚಿಗುರು ಮೇಲೆದ್ದೀತು ಎಂದು. ಮಿನೆಸೋಟದಲ್ಲಿ ಈ ಪಾಠವನ್ನು ತಲೆಕೆಳಗು ಮಾಡಬೇಕು. ಕಸಿಗಂಟು ನೆಲಮಟ್ಟದಿಂದ 4ರಿಂದ 6 ಇಂಚು ಕೆಳಗಿರಬೇಕು. ಮೇಲಿನ ಕಾಂಡವೆಲ್ಲ ಸತ್ತರೂ ಮಣ್ಣಿನ ಮರೆಯಲ್ಲಿರುವ ಗಂಟಿನಿಂದ ಕೊಂಡ ಹೂವಿನದೇ ಚಿಗುರು ಬರುತ್ತದೆ. ಕಾಲಕ್ರಮದಲ್ಲಿ ಗಂಟಿನ ಮೇಲಿನ ಕಾಂಡವೇ ಬೇರು ಬಿಡುವುದೂ ಉಂಟು. ಆಗ ಗಿಡ ತನ್ನ ಸ್ವಂತ ಕಾಲ ಮೇಲೆ ನಿಂತ ಹಾಗೆ.

ಆಳವಾಗಿ ನೆಟ್ಟರೆ ನೀರು ನಿಲ್ಲಬಾರದು ಎನ್ನುವ ಎಚ್ಚರ ಬೇಕು. 18 ಇಂಚು ಆಳದ ಗುಂಡಿ ತೋಡಿ ನೀರು ತುಂಬಿ ನೋಡಿ. ಮಾರನೆಯ ದಿನವೂ ನೀರು ಹಾಗೇ ಇದ್ದರೆ ಅಲ್ಲಿ ಗುಲಾಬಿ ಬೇಡ, ಮಡಿ ಎತ್ತರಿಸಿ ನೆಡಿ. ಏಪ್ರಿಲ್‌ನಲ್ಲಿ ಮೇಲಿನ ಮಣ್ಣು ಕರಗಿ ಕೆಳಗಿನದು ಇನ್ನೂ ಕಲ್ಲಾಗಿರುವಾಗ ಕರಗಿದ ಹಿಮದ ನೀರಿಗೆ ಇಳಿಯಲು ದಾರಿಯಿರುವುದಿಲ್ಲ. ಚಳಿಗೆ ಬದುಕಿದ ಎಷ್ಟೋ ಗಿಡಗಳು ಸಾಯುವುದು ಈ ಕೊಚ್ಚೆಯಲ್ಲಿ.

ಮಿನೆಸೋಟ ಟಿಪ್

ಮಿನಿಯಾಪೊಲಿಸ್‌ನ ಲಿಂಡೇಲ್ ಪಾರ್ಕಿನ ಗುಲಾಬಿ ತೋಟ ನೆಟ್ಟದ್ದು 1908ರಲ್ಲಿ. ಈ ಹವೆಯಲ್ಲಿ ಗುಲಾಬಿ ಬೆಳೆಸುವ ಹಟಕ್ಕೆ ನೂರು ವರ್ಷ ಮೀರಿದೆ. ಆ ಹಟದಿಂದ ಹುಟ್ಟಿದ ಉಪಾಯವೇ 'ಮಿನೆಸೋಟ ಟಿಪ್' (ಇಲ್ಲಿ ಟಿಪ್ ಎಂದರೆ ಒರಗಿಸುವುದು): ಗಿಡವನ್ನು ಇಡಿಯಾಗಿ ಮಲಗಿಸಿ ಹೂಳುವುದು. ಮೈಮುರಿಯುವ ಕೆಲಸ. ಆದರೆ ಹೈಬ್ರಿಡ್ ಟೀ ಗುಲಾಬಿಯ ಕಾಂಡವನ್ನು ತುದಿಯವರೆಗೆ ಉಳಿಸಿಕೊಳ್ಳಬೇಕಾದರೆ ಇದಕ್ಕೆ ಸಾಟಿಯಾದುದು ಇನ್ನೊಂದಿಲ್ಲ.

ನೆಲದ ಉಷ್ಣವೇ ಇದರ ತಳಹದಿ. ಗಾಳಿ −30 ಇದ್ದರೂ ಮಣ್ಣು, ಎಲೆ, ಹಿಮ ಈ ಮೂರರ ಹೊದಿಕೆಯ ಅಡಿಯಲ್ಲಿ ತಾಪ ಶೂನ್ಯಕ್ಕಿಂತ ಕೆಲವೇ ಡಿಗ್ರಿ ಕೆಳಗಿರುತ್ತದೆ. ಅಷ್ಟೇ ಮುಖ್ಯವಾಗಿ, ಅದು ಏರಿಳಿಯದೆ ಒಂದೇ ಸಮನೆ ಇರುತ್ತದೆ.

ಕೆಲಸಕ್ಕೆ ಸರಿಯಾದ ಹೊತ್ತು ಅಕ್ಟೋಬರ್ ಮಧ್ಯದಿಂದ ಮೂರನೆಯ ವಾರದವರೆಗೆ. ಒಂದೆರಡು ದಿನ ಮೊದಲೇ ಬುಡಕ್ಕೆ ಚೆನ್ನಾಗಿ ನೀರು ಬಿಟ್ಟು ಮಣ್ಣು ಮೆದುವಾಗಿಸಿ. ಕಪ್ಪು ಚುಕ್ಕೆ ರೋಗದ ಎಲೆಗಳನ್ನು ಗಿಡದಿಂದಲೂ ನೆಲದಿಂದಲೂ ಆರಿಸಿ ತೆಗೆಯಿರಿ. ಹೂತರೆ ರೋಗವನ್ನೂ ಜೊತೆಗೆ ಹೂತ ಹಾಗಾಗುತ್ತದೆ. ಕೊಂಬೆಗಳನ್ನು ಬುಡದಿಂದ ಮೇಲಕ್ಕೆ ಸುತ್ತುತ್ತ ದಾರದಿಂದ ಒಂದೇ ಕಟ್ಟಾಗಿ ಕಟ್ಟಿ. ಸೆಣಬಿನ ದಾರ ಬೇಡ, ವಸಂತದ ಹೊತ್ತಿಗೆ ಕೊಳೆತಿರುತ್ತದೆ. ಪಾಲಿಯೆಸ್ಟರ್ ದಾರ ಇರಲಿ. ತುದಿಯಲ್ಲಿ ಒಂದೂವರೆ ಅಡಿ ದಾರ ಉದ್ದಕ್ಕೆ ಬಿಟ್ಟಿರಿ. ಏಪ್ರಿಲ್‌ನಲ್ಲಿ ಗಿಡ ಎಲ್ಲಿದೆ ಎಂದು ತೋರಿಸುವುದು ಮಣ್ಣಿನ ಮೇಲೆ ಕಾಣುವ ಆ ದಾರವೇ.

ಆಮೇಲೆ ಗಿಡದ ಒಂದು ಬದಿಯಲ್ಲಿ, ಬುಡದಿಂದಲೇ ಶುರುಮಾಡಿ, ಗಿಡದ ಎತ್ತರದಷ್ಟು ಉದ್ದದ ಕಾಲುವೆ ತೋಡಿ. ಕಟ್ಟು ಪೂರ್ತಿ ನೆಲಮಟ್ಟಕ್ಕಿಂತ ಕೆಳಗೆ ಕೂರುವಷ್ಟು ಆಳ ಬೇಕು. ಬುಡದ ಹತ್ತಿರ ಬೇರು ಕಾಣುವವರೆಗೆ ಮಣ್ಣು ಬಿಡಿಸಿ. ಉಳಿದ ಮೂರು ಬದಿಗಳಲ್ಲಿ ಬುಡದಿಂದ 8-10 ಇಂಚು ದೂರಕ್ಕೆ ಮುಳ್ಳುಗುದ್ದಲಿಯನ್ನು (ಗಾರ್ಡನ್ ಫೋರ್ಕ್) ನೇರ ಇಳಿಸಿ ಹಿಂದೆ ಮುಂದೆ ಆಡಿಸಿ, ಮಣ್ಣು ಸಡಿಲಾಗಲಿ. ಕೊನೆಗೆ ಕಾಲುವೆಯ ಎದುರು ಬದಿಯಿಂದ ಮುಳ್ಳುಗುದ್ದಲಿಯನ್ನು ಬೇರಿನ ಕೆಳಗೆ ಇಳಿಸಿ ಮೀಟುತ್ತ ಗಿಡವನ್ನು ಕಾಲುವೆಯೊಳಕ್ಕೆ ಮೆತ್ತಗೆ ಒರಗಿಸಿ. ಬಾಗಬೇಕಾದದ್ದು ಬೇರು, ಕಾಂಡವಲ್ಲ. ಗಿಡ ಬಗ್ಗುತ್ತಿಲ್ಲ ಎಂದರೆ ಬಲ ಹಾಕಬೇಡಿ, ಇನ್ನಷ್ಟು ಮಣ್ಣು ಬಿಡಿಸಿ. ಬಲ ಹಾಕಿದಾಗ ಮುರಿಯುವುದು ಕಸಿಗಂಟಿನಲ್ಲೇ. ಗಿಡ ಮಲಗಿದ ಮೇಲೆ 3 ಇಂಚು ಮಣ್ಣು ಎಳೆಯಿರಿ. ಸಾಲಿನಲ್ಲಿ ಹಲವು ಗಿಡಗಳಿದ್ದರೆ ಮುಂದಿನ ಕಾಲುವೆಯ ಮಣ್ಣೇ ಹಿಂದಿನದಕ್ಕೆ ಹೊದಿಕೆಯಾಗುತ್ತದೆ.

ಇಲ್ಲಿಗೆ ನಿಲ್ಲಿಸಿ, ಕಾಯಬೇಕು. ಎಲೆಯ ಹೊದಿಕೆ ಹಾಕುವುದು ಮೇಲ್ಮಣ್ಣು ಹೆಪ್ಪುಗಟ್ಟಿದ ಮೇಲೆ, ಸುಮಾರು ನವೆಂಬರ್ ಮೊದಲ ವಾರದಲ್ಲಿ. ಮೊದಲೇ ಹಾಕಿದರೆ ಒಳಗೆ ಬೆಚ್ಚಗಾಗಿ ಕಾಂಡಕ್ಕೆ ಬೂಷ್ಟು ಹಿಡಿಯುತ್ತದೆ. ಇಲಿಗಳೂ ಚಳಿಗಾಲಕ್ಕೆ ಮನೆ ಸಿಕ್ಕಿತೆಂದು ಸೇರಿಕೊಂಡು ಕಾಂಡದ ತೊಗಟೆ ತಿನ್ನುತ್ತವೆ. ಹೊದಿಕೆಯ ಉದ್ದೇಶ ಗಿಡವನ್ನು ಬೆಚ್ಚಗಿಡುವುದು ಎಂದು ಅನೇಕರು ತಿಳಿದಿದ್ದಾರೆ. ಹೆಪ್ಪುಗಟ್ಟಿದ್ದನ್ನು ವಸಂತದವರೆಗೆ ಹೆಪ್ಪಾಗಿಯೇ ಇಡುವುದು ಅದರ ಕೆಲಸ. ಒಂದೂವರೆ ಅಡಿ ದಪ್ಪಕ್ಕೆ ಒಣ ಎಲೆ ಹರಡಿ, ಗಾಳಿಗೆ ಹಾರದಂತೆ ಸುತ್ತ ತಂತಿಬಲೆ ಕಟ್ಟಿ, ಮೇಲೆ ನೀರು ಚಿಮುಕಿಸಿ. ಚೀಲದಲ್ಲಿ ತುಂಬಿಟ್ಟ ಎಲೆಯನ್ನೇ ಒತ್ತೊತ್ತಾಗಿ ಜೋಡಿಸಿದರೂ ನಡೆಯುತ್ತದೆ, ವಸಂತದಲ್ಲಿ ಎತ್ತುವುದೂ ಸುಲಭ.

ಗಿಡದ ಮೇಲೆ ಕವುಚಲು ಅಂಗಡಿಯಲ್ಲಿ ಸಿಗುವ ಥರ್ಮೊಕೋಲ್ ಟೋಪಿ ಕಷ್ಟವಿಲ್ಲದ ದಾರಿಯಂತೆ ಕಾಣುತ್ತದೆ. ಬಿಸಿಲಿದ್ದ ದಿನ ಅದರೊಳಗೆ ಶೆಕೆಯಾಗಿ ಗಿಡ ಎಚ್ಚರಗೊಳ್ಳುತ್ತದೆ, ರಾತ್ರಿ ಮತ್ತೆ ಹೆಪ್ಪು. ಅದನ್ನು ಬಳಸಲೇಬೇಕಾದರೆ ಮೇಲ್ಗಡೆ ತೂತು ಕೊರೆದು, ಒಳಗೆ ಬುಡಕ್ಕೆ ಒಂದಡಿ ಮಣ್ಣು ಏರಿಸಿ ಇಡಿ.

ಹೂಳದೆಯೇ ಬದುಕುವ ಗುಲಾಬಿ

ಪ್ರತಿ ವರ್ಷ ಇಷ್ಟು ಅಗೆಯಲಾಗದವರಿಗೆ ಕೆನಡಾದ ಸರಕಾರಿ ತಳಿಗಳಿವೆ. ಒಟ್ಟಾವದಲ್ಲಿ ಕೃಷಿ ಇಲಾಖೆಯ ವಿಜ್ಞಾನಿ ಫೆಲಿಸಿಟಾಸ್ ಸ್ವೈಡ 1960ರ ದಶಕದಲ್ಲಿ ಶುರುಮಾಡಿದ ತಳಿ ಕೆಲಸದಿಂದ 'ಎಕ್ಸ್‌ಪ್ಲೋರರ್' ಗುಲಾಬಿಗಳು ಬಂದವು. ಜಪಾನ್, ಸೈಬೀರಿಯದ ಕಡಲ ತೀರದ ರುಗೋಸ ಗುಲಾಬಿಯ ಗಡಸುತನವನ್ನು ಅವರು ತೋಟದ ಗುಲಾಬಿಗೆ ತಂದರು. ದೇಶ ಶೋಧಿಸಿದವರ ಹೆಸರನ್ನೇ ಇವಕ್ಕೆ ಇಟ್ಟಿದ್ದಾರೆ: 'ಜಾನ್ ಕ್ಯಾಬಟ್', 'ಹೆನ್ರಿ ಹಡ್ಸನ್', 'ವಿಲಿಯಂ ಬ್ಯಾಫಿನ್'. ಕೊನೆಯದು 8-9 ಅಡಿ ಏರಿ ಗುಲಾಬಿ ಬಣ್ಣದ ಗೊಂಚಲು ಬಿಡುವ ಗಿಡ. ವಲಯ 3ರಲ್ಲೂ ಹೊದಿಕೆ ಕೇಳುವುದಿಲ್ಲ. ಮ್ಯಾನಿಟೋಬದ ಮಾರ್ಡನ್ ಕೇಂದ್ರದಿಂದ ಬಂದ 'ಪಾರ್ಕ್‌ಲ್ಯಾಂಡ್' ಗುಲಾಬಿಗಳ ರೀತಿ ಬೇರೆ: ಅವುಗಳ ಕಾಂಡ ಹಿಮದ ಮಟ್ಟದವರೆಗೆ ಸತ್ತರೂ ಬುಡದಿಂದ ಬೇಗ ಚಿಗುರಿ ಅದೇ ಬೇಸಗೆ ಹೂ ಕೊಡುತ್ತವೆ. ಇವನ್ನು ಕೊಳ್ಳುವಾಗ ಸ್ವಂತ ಬೇರಿನ ಗಿಡವೇ ಎಂದು ಕೇಳಿ ತನ್ನಿ. ಸ್ವಂತ ಬೇರಿನದಾದರೆ ಬೇರಿನಿಂದ ಬರುವ ಯಾವ ಚಿಗುರೂ ಅದೇ ಹೂವಿನದು.

ಹೂವಿನ ಅಂದದಲ್ಲಿ ಇವು ಹೈಬ್ರಿಡ್ ಟೀಗೆ ಸಮವಲ್ಲ, ಒಪ್ಪಬೇಕು. ಆದರೂ ಹೊಸದಾಗಿ ತೋಟ ಮಾಡುವವರು ಇವುಗಳಿಂದ ಶುರುಮಾಡುವುದೇ ಸರಿ.

ಗಿಡ ಉಳಿದರೂ ಹೂ ಇಲ್ಲವೇಕೆ

ಗಿಡದ ಎಲ್ಲ ಅಂಗಗಳೂ ಒಂದೇ ಚಳಿಗೆ ಸಾಯುವುದಿಲ್ಲ. ಫೋರ್ಸಿಥಿಯ ಎನ್ನುವ ಹಳದಿ ಹೂವಿನ ಪೊದೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಕೆಲವು ವಸಂತಗಳಲ್ಲಿ ಬುಡದ ಎರಡಡಿ ಮಾತ್ರ ಹೂ, ಮೇಲೆಲ್ಲ ಬರೀ ಎಲೆ. ಹಿಮ ಮುಚ್ಚಿದ್ದ ಎತ್ತರದವರೆಗೆ ಹೂಮೊಗ್ಗು ಉಳಿದಿವೆ, ಅದರ ಮೇಲಿನವು ಸತ್ತಿವೆ. ಎಲೆಮೊಗ್ಗಿಗೆ ಏನೂ ಆಗಿಲ್ಲ. ಹೂಮೊಗ್ಗು ಎಲೆಮೊಗ್ಗಿಗಿಂತ ಮೆದು.

ದೊಡ್ಡ ನೀಲಿ ಹೂಗುಂಡಿನ ಹೈಡ್ರೇಂಜಿಯ ಇಲ್ಲಿ ನಿರಾಸೆ ಮಾಡುವುದೂ ಇದರಿಂದಲೇ. ಅದರ ಹಳೆಯ ತಳಿಗಳು ಹಿಂದಿನ ವರ್ಷದ ಕಾಂಡದಲ್ಲೇ ಮೊಗ್ಗು ಇಟ್ಟುಕೊಂಡು ಚಳಿಗಾಲ ಕಳೆಯಬೇಕು. ಕಾಂಡ ಹೋದರೆ ಹೂವೂ ಹೋಯಿತು. 'ಅನಾಬೆಲ್' ಮತ್ತು ಕೋನಾಕಾರದ ಗೊಂಚಲಿನ ಪ್ಯಾನಿಕ್ಯುಲಾಟ ಎಂಬ ಹೈಡ್ರೇಂಜಿಯಗಳು ಹೂ ಬಿಡುವುದು ಈ ವರ್ಷದ ಹೊಸ ಚಿಗುರಿನಲ್ಲಿ; ನೆಲಮಟ್ಟಕ್ಕೆ ಸತ್ತರೂ ಅನಾಬೆಲ್ ಜುಲೈಗೆ ಬಿಳಿ ಗುಂಡುಗಳನ್ನು ತುಂಬಿ ನಿಲ್ಲುತ್ತದೆ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ: ಹೂ ಹಳೆ ಕಾಂಡದಲ್ಲೋ, ಹೊಸ ಚಿಗುರಿನಲ್ಲೋ? ಅಜೇಲಿಯ ಎಂಬ ಹೂಪೊದೆ ಬೇಕೆನ್ನುವವರಿಗೆ ಮಿನೆಸೋಟ ವಿಶ್ವವಿದ್ಯಾಲಯ 1957ರಲ್ಲಿ ಕೆಲಸ ಆರಂಭಿಸಿ 1978ರಿಂದ ಹೊರತಂದ 'ನಾರ್ದರ್ನ್ ಲೈಟ್ಸ್' ತಳಿಗಳಿವೆ. ಅವುಗಳ ಹೂಮೊಗ್ಗೇ −34 ಡಿಗ್ರಿಯವರೆಗೆ ತಡೆಯುತ್ತದೆ.

ಎಲೆ ಉದುರಿಸದ ಯೂ, ಆರ್ಬರ್‌ವೈಟಿ ಗಿಡಗಳ ಕಷ್ಟ ಬೇರೆ. ಫೆಬ್ರವರಿ, ಮಾರ್ಚ್‌ನ ಬಿಸಿಲಿಗೆ ಎಲೆ ನೀರು ಬಿಡುತ್ತದೆ, ಬೇರು ಕಲ್ಲಾದ ಮಣ್ಣಿನಿಂದ ನೀರು ಎಳೆಯಲಾರದು. ದಕ್ಷಿಣ, ನೈಋತ್ಯ ಬದಿಯ ಎಲೆ ಕಂದಾಗಿ ಒಣಗುತ್ತದೆ. ಆ ಬದಿಗಳಲ್ಲಿ ಗೂಟ ನೆಟ್ಟು ಗೋಣಿಬಟ್ಟೆಯ ಪರದೆ ಕಟ್ಟಬೇಕು. ಗಿಡಕ್ಕೆ ಸುತ್ತುವುದಲ್ಲ, ಮುಟ್ಟದಂತೆ ಮರೆ ಮಾಡುವುದು. ಪ್ಲಾಸ್ಟಿಕ್ ಹಾಳೆ ಬೇಡ, ಒಳಗೆ ಬಿಸಿಲು ಕಾದು ಇನ್ನೂ ಕೆಡುತ್ತದೆ.

ಗೆಡ್ಡೆ ಮತ್ತು ಕುಂಡ

ಟ್ಯುಲಿಪ್‌ಗೆ ಚಳಿ ಬೇಕೇ ಬೇಕು. 12ರಿಂದ 16 ವಾರ ತಂಪು ಸಿಗದಿದ್ದರೆ ದಂಟು ಮೇಲೇಳುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ನಲ್ಲಿ 6ರಿಂದ 8 ಇಂಚು ಆಳಕ್ಕೆ, ಮೊನೆ ಮೇಲಾಗಿ ನೆಟ್ಟರೆ ಮುಗಿಯಿತು. ಮೊಲ, ಅಳಿಲು ಅಗೆಯುವಲ್ಲಿ ಮೇಲೆ ತಂತಿಬಲೆ ಹಾಸಿ ಮಣ್ಣು ಮುಚ್ಚಿ.

ಡೇಲಿಯ ಇದಕ್ಕೆ ವಿರುದ್ಧ. ಮಲೆನಾಡಿನಲ್ಲಿ ಡೇರೆ ಹೂವಿನ ಗೆಡ್ಡೆ ಎತ್ತಿಟ್ಟು ಮಳೆಗಾಲಕ್ಕೆ ನೆಟ್ಟು ಗೊತ್ತಿದ್ದವರಿಗೆ ಈ ಕೆಲಸ ಹೊಸದಲ್ಲ. ಇಲ್ಲಿ ಕಾಯ್ದಿಡುವುದು ಚಳಿಯಿಂದ. ಮೊದಲ ಫ್ರಾಸ್ಟಿಗೆ ಎಲೆ ಕಪ್ಪಾದ ಮೇಲೆ ದಂಟನ್ನು 4-6 ಇಂಚು ಬಿಟ್ಟು ಕತ್ತರಿಸಿ, ಗೆಡ್ಡೆಗಳ ಕುತ್ತಿಗೆ ಮುರಿಯದಂತೆ ದೂರದಿಂದ ಅಗೆದು ಎತ್ತಿ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರುವುದಿಲ್ಲ. ಕಣ್ಣು ಇರುವುದು ದಂಟಿನ ಬುಡದಲ್ಲಿ. ಒಂದೆರಡು ದಿನ ನೆರಳಲ್ಲಿ ಆರಿಸಿ, ತುಸು ತೇವದ ವರ್ಮಿಕ್ಯುಲೈಟ್ (ನೀರು ಹೀರುವ ಹಗುರ ಖನಿಜ) ಅಥವಾ ಪೀಟ್ (ಕೊಳೆತ ಪಾಚಿಯ ಪುಡಿ) ತುಂಬಿದ ಪೆಟ್ಟಿಗೆಯಲ್ಲಿ 4ರಿಂದ 10 ಡಿಗ್ರಿಯ ತಂಪು ಜಾಗದಲ್ಲಿಡಿ. ತಿಂಗಳಿಗೊಮ್ಮೆ ನೋಡಿ: ಸುಕ್ಕಾಗಿದ್ದರೆ ನೀರು ಚಿಮುಕಿಸಿ, ಕೊಳೆತದ್ದನ್ನು ತೆಗೆದುಹಾಕಿ. ಹೀಟರಿನ ಪಕ್ಕ ಇಟ್ಟರೆ ಜನವರಿ ಹೊತ್ತಿಗೆ ಒಣಗಿ ಕಡ್ಡಿಯಾಗಿರುತ್ತವೆ.

ಹೊರಗಿನ ಕುಂಡದ ಗಿಡಕ್ಕೆ ನೆಲದ ಉಷ್ಣ ಸಿಗುವುದಿಲ್ಲ. ಬೇರಿನ ಸುತ್ತಲೂ ಗಾಳಿಯ ಚಳಿಯೇ. ಬೇರು ಕಾಂಡದಷ್ಟು ಗಟ್ಟಿಯಲ್ಲ. ಕುಂಡದಲ್ಲಿ ಹೊರಗೇ ಬಿಡುವ ಗಿಡ ನಿಮ್ಮ ವಲಯಕ್ಕಿಂತ ಎರಡು ವಲಯ ಹೆಚ್ಚು ಗಟ್ಟಿಯಾಗಿರಬೇಕು, ಇಲ್ಲವೇ ಕುಂಡವನ್ನೇ ನೆಲದಲ್ಲಿ ಹೂಳಬೇಕು. ನಮ್ಮವರು ಆಸೆಯಿಂದ ಬೆಳೆಸುವ ದುಂಡುಮಲ್ಲಿಗೆ, ದಾಸವಾಳ, ಕನಕಾಂಬರಗಳನ್ನು ರಾತ್ರಿಯ ತಾಪ 12 ಡಿಗ್ರಿಗೆ ಇಳಿಯುವ ಮೊದಲೇ, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಒಳಗೆ ತನ್ನಿ. ತರುವ ಮೊದಲು ಎಲೆಯ ಅಡಿಭಾಗವನ್ನೂ ನೀರಿನಿಂದ ರಭಸವಾಗಿ ತೊಳೆಯಿರಿ. ಹೀಟರಿನ ಒಣ ಗಾಳಿಯಲ್ಲಿ ಜೇಡನುಸಿ ಕಂಡಾಪಟ್ಟೆ ಹೆಚ್ಚುತ್ತದೆ. ದಕ್ಷಿಣದ ಕಿಟಕಿಯಲ್ಲಿಟ್ಟು ನೀರು ಕಡಿಮೆ ಮಾಡಿ, ಗೊಬ್ಬರ ಪೂರ್ತಿ ನಿಲ್ಲಿಸಿ. ಮಾರ್ಚ್‌ವರೆಗೆ ಹೂವಿನ ಆಸೆ ಬೇಡ.

ಬಿಚ್ಚುವ ಹೊತ್ತು

ಮಾರ್ಚ್‌ನ ಮೊದಲ ಬೆಚ್ಚನೆಯ ಭಾನುವಾರ ಎಲ್ಲರ ಕೈಯೂ ತುರಿಸುತ್ತದೆ. ಮುಟ್ಟಬೇಡಿ. ಆಗ ಎಚ್ಚರಗೊಂಡ ಗಿಡ ಮತ್ತೆ ಮೊದಲಿನಷ್ಟು ಗಟ್ಟಿಯಾಗಿ ಮಲಗುವುದಿಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ಚಿನೂಕ್ ಎಂಬ ಬಿಸಿಗಾಳಿ ಕೆಲವೇ ಗಂಟೆಗಳಲ್ಲಿ ಇಪ್ಪತ್ತು ಡಿಗ್ರಿ ಏರಿಸಿ ಮತ್ತೆ ಬೀಳಿಸುತ್ತದೆ. ಅಂಕಿಯ ಪ್ರಕಾರ ಬದುಕಬೇಕಾದ ಗಿಡಗಳೂ ಅಲ್ಲಿ ಸಾಯುವುದು ಅದಕ್ಕೇ. ಮಣ್ಣು ಹೆಪ್ಪುಗಟ್ಟಿ ಕರಗುತ್ತಿದ್ದರೆ ಶರತ್ಕಾಲದಲ್ಲಿ ನೆಟ್ಟ ಸಣ್ಣ ಗಿಡಗಳು ಬೇರುಸಮೇತ ಮೇಲಕ್ಕೆ ಉಬ್ಬಿ ಬರುತ್ತವೆ. ಕಂಡ ತಕ್ಷಣ ಅಂಗೈಯಿಂದ ಒತ್ತಿ ಕೂರಿಸಿ, ಮೇಲೆ ಎಲೆ ಹಾಕಿ.

ಗುಲಾಬಿಯ ಮೇಲಿನ ಎಲೆಯನ್ನು ಏಪ್ರಿಲ್ ಮೊದಲ ವಾರದಿಂದ ಕರಗಿದಷ್ಟನ್ನು ಮಾತ್ರ ಪದರ ಪದರವಾಗಿ ತೆಗೆಯುತ್ತ ಬನ್ನಿ. ತಿಂಗಳ ನಡುವೆ, ಮಣ್ಣು ಪೂರ್ತಿ ಕರಗಿದ ಮೇಲೆ, ದಾರ ಹಿಡಿದು ಗಿಡ ಹುಡುಕಿ, ಮುಳ್ಳುಗುದ್ದಲಿಯಿಂದ ಬೇರಿನ ಅಡಿಯಿಂದ ಮೀಟಿ ನಿಲ್ಲಿಸಿ. ತಡಮಾಡಿದರೆ ಮಣ್ಣೊಳಗೇ ಬಿಳಿ ಚಿಗುರು ಬಂದು ಎತ್ತುವಾಗ ಮುರಿಯುತ್ತವೆ. ಕಾಂಡ ತೊಳೆದು, ಬುಡದ ಮಣ್ಣು ಒತ್ತಿ, ನೀರು ಬಿಡಿ; ಮೊದಲ ಎರಡು ವಾರ ಕಾಂಡ ಒಣಗದಂತೆ ದಿನಾ ನೀರು ಚಿಮುಕಿಸಿ. ರಾತ್ರಿ ಫ್ರಾಸ್ಟಿನ ಸೂಚನೆ ಇದ್ದರೆ ಹಳೆ ಬೆಡ್‌ಶೀಟ್ ಹೊದಿಸಿ. ಸವರುವುದು ಈಗ: ತೊಗಟೆ ಕೆರೆದು ನೋಡಿ, ಒಳಗೆ ಕಂದಾಗಿದ್ದರೆ ಹಸಿರು ಅಂಚು, ಬೆಳ್ಳನೆಯ ತಿರುಳು ಸಿಗುವವರೆಗೆ ಕೆಳಕ್ಕೆ ಕತ್ತರಿಸುತ್ತ ಹೋಗಿ. ಪೂರ್ತಿ ಕಂದಾಗಿರುವ ಗಿಡವನ್ನೂ ಜೂನ್ ಮಧ್ಯದವರೆಗೆ ಕೀಳಬೇಡಿ. ಆರು ಇಂಚು ಕೆಳಗಿರುವ ಗಂಟಿನಿಂದ ಚಿಗುರು ಮೇಲೆ ಬರಲು ಅಷ್ಟು ದಿನ ಬೇಕಾಗುತ್ತದೆ.